ಹಳೆಯ ಫುಲ್ ಸಸ್ಪೆನ್ಶನ್ ಸೈಕಲ್‌ಗೆ ಒಂದೇ ಗೇರ್: ಒಂದು ಪ್ರಕರಣ ಅಧ್ಯಯನ

ಹಿಂದೆ ಮುಂದೆ ಎರಡೂ ಕಡೆ ಸಸ್ಪೆನ್ಶನ್ ಇರುವ ಮೌಂಟನ್ ಬೈಕನ್ನು ಸಿಂಗಲ್ ಸ್ಪೀಡ್ ಮಾಡಬಹುದಾ? ಧಾರಾಳವಾಗಿ ಮಾಡಬಹುದು. ಆದರೆ ಹಿಂದೆ ಸಸ್ಪೆನ್ಶನ್ ಇಲ್ಲದ ಹಾರ್ಡ್‌ಟೇಲ್‌ಗೆ ಮಾಡಿದ ಹಾಗೆ ಇದಕ್ಕೆ ಮಾಡಲು ಬರುವುದಿಲ್ಲ. ಹಾರ್ಡ್‌ಟೇಲ್‌ನಲ್ಲಿ ಕ್ರ್ಯಾಂಕ್ ತಿರುಗುವ ಬಾಟಮ್ ಬ್ರಾಕೆಟ್‌ಗೂ ಹಿಂದಿನ ಚಕ್ರದ ಆಕ್ಸಲ್‌ಗೂ ನಡುವೆ ಇರುವ ದೂರ ಯಾವಾಗಲೂ ಒಂದೇ. ಹೆಚ್ಚಿನ ಫುಲ್ ಸಸ್ಪೆನ್ಶನ್‌ಗಳಲ್ಲಿ ಚಕ್ರ ಮೇಲೆದ್ದಾಗಲೆಲ್ಲ ಆ ದೂರ ಬದಲಾಗುತ್ತದೆ. ಎಷ್ಟು ಬದಲಾಗುತ್ತದೆ ಅಂತ ಅಳೆಯದೆ ಒಂದು ವಾಷರನ್ನೂ ಕೊಳ್ಳಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ. ಈ ಸೈಕಲ್‌ನ ಕೆಲಸ ಪೂರ್ತಿ ನಡೆದದ್ದೇ ಆ ಅಳತೆಯ ಮೇಲೆ. ಹಾಗಾಗಿ ಅದನ್ನೇ ಸ್ವಲ್ಪ ಜಾಸ್ತಿ ವಿವರವಾಗಿ ಬರೆಯುತ್ತೇನೆ.

ಸೈಕಲ್ ಗೆಳೆಯನದು. 26 ಇಂಚಿನ ಚಕ್ರ, ಹಿಂದೆ 100 ಮಿ.ಮೀ. ಟ್ರಾವೆಲ್, ಅಂದರೆ ಚಕ್ರ ಅಷ್ಟು ಮೇಲೇಳಬಲ್ಲದು. ಅಲ್ಯುಮಿನಿಯಂ ಫ್ರೇಮ್. ಹಿಂದಿನ ಚಕ್ರವನ್ನು ಹಿಡಿದಿರುವ ತೋಳು, ಅಂದರೆ ಸ್ವಿಂಗ್‌ಆರ್ಮ್, ಒಂದೇ ಪಿವಟ್ (ತಿರುಗುವ ಕೀಲು) ಮೇಲೆ ತಿರುಗುತ್ತದೆ. ಮುಂದೆ ಕ್ರ್ಯಾಂಕಿಗೆ 44, 32, 22 ಹಲ್ಲಿನ ಮೂರು ಚೈನ್‌ರಿಂಗ್, ಹಿಂದೆ 9 ಗೇರಿನ ಹಲ್ಲುಚಕ್ರಗಳ ಗುಂಪು, ಅಂದರೆ ಕ್ಯಾಸೆಟ್. ಗೇರ್ ಬದಲಿಸುವ ಎಡಗಡೆಯ ಶಿಫ್ಟರ್ ಒತ್ತಿದರೆ ಕಚ್ಚಿಕೊಳ್ಳುತ್ತಿರಲಿಲ್ಲ. ಬಲಗಡೆಯದು ಎರಡು ಸಲ ಒತ್ತಿದರೆ ಒಂದು ಸಲ ಕೆಲಸ ಮಾಡುತ್ತಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಶಿಫ್ಟರ್ ಕೆಲಸ ಮಾಡುತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಗೇರ್ ಕಿತ್ತು ಹಾಕಬೇಡಿ. ಹಳೆಯ ಶಿಫ್ಟರ್‌ಗಳಲ್ಲಿ ಒಳಗಿನ ಗ್ರೀಸ್ ಒಣಗಿ ಅಂಟಾಗಿರುತ್ತದೆ. ಡಿಗ್ರೀಸರ್ ಬಿಟ್ಟು, ಹತ್ತಾರು ಸಲ ಒತ್ತಿ, ತೊಳೆದು, ತೆಳು ಎಣ್ಣೆ ಹಾಕಿದರೆ ಮುಕ್ಕಾಲು ಪಾಲು ಮತ್ತೆ ಜೀವ ಬರುತ್ತದೆ. ಇಲ್ಲಿಯೂ ಬಲಗಡೆಯದಕ್ಕೆ ಜೀವ ಬಂತು. ಆದರೆ ಅಷ್ಟು ಹೊತ್ತಿಗೆ ಉಳಿದದ್ದನ್ನೂ ನೋಡಿಯಾಗಿತ್ತು. ಚೈನು ಹಿಗ್ಗಿತ್ತು. ಹೊಸ ಚೈನಿನಲ್ಲಿ 24 ಕೊಂಡಿಗೆ ಸರಿಯಾಗಿ 12 ಇಂಚು ಬರಬೇಕು. ಇದರಲ್ಲಿ 12 ಇಂಚು ದಾಟಿ ಒಂದು ಇಂಚಿನ ಎಂಟನೇ ಒಂದು ಭಾಗದಷ್ಟು ಮುಂದೆ ಹೋಗಿತ್ತು. ಹದಿನಾರನೇ ಒಂದು ಭಾಗ ದಾಟಿದರೇ ಚೈನು ಬದಲಿಸಬೇಕು. ಎಂಟನೇ ಒಂದು ಭಾಗ ಅಂದರೆ ಅದು ಕ್ಯಾಸೆಟ್ಟನ್ನೂ ತಿಂದು ಹಾಕಿರುತ್ತದೆ. ನಡುವಿನ ಚೈನ್‌ರಿಂಗಿನ ಹಲ್ಲುಗಳು ಒಂದು ಕಡೆಗೆ ಬಾಗಿದ್ದವು. ಗೇರ್ ಉಳಿಸಿಕೊಳ್ಳಬೇಕೆಂದರೆ ಶಿಫ್ಟರ್, ಕ್ಯಾಸೆಟ್, ಚೈನು, ರಿಂಗ್ ಎಲ್ಲ ಹೊಸದು ಬೇಕಿತ್ತು. ಗೆಳೆಯ ಓಡಿಸುವುದು ಸಣ್ಣ ಸಣ್ಣ ಏರಿಳಿತದ ಮಣ್ಣಿನ ದಾರಿಯಲ್ಲಿ. ಅವನಿಗೆ ತೊಳೆಯಲು ಸುಲಭವಾದ, ಕಡಿಮೆ ಕೆಟ್ಟುಹೋಗುವ ಸೈಕಲ್ ಬೇಕಿತ್ತು. ಅಂಥವನಿಗೆ ಸಿಂಗಲ್ ಸ್ಪೀಡ್ ಹೊಂದುತ್ತದೆ. ಉದ್ದುದ್ದ ಕಡಿದಾದ ಏರು ಹತ್ತುವವರಿಗೆ ಈ ಸಲಹೆ ಕೊಡುತ್ತಿರಲಿಲ್ಲ.

ಮೊದಲು ಪಿವಟ್

ಗೇರ್ ಮುಟ್ಟುವ ಮೊದಲು ಸ್ವಿಂಗ್‌ಆರ್ಮ್ ನೋಡಿದೆವು. ಸಿಂಗಲ್ ಸ್ಪೀಡ್‌ನಲ್ಲಿ ಏರು ಬಂದರೆ ಕೂತು ತುಳಿಯುವುದಿಲ್ಲ, ಎದ್ದು ನಿಂತು ತುಳಿಯುತ್ತೇವೆ. 75 ಕೆ.ಜಿ. ತೂಕದ ಆಳು ಅಡ್ಡಕ್ಕೆ ನಿಂತ ಕ್ರ್ಯಾಂಕಿನ ಒಂದೇ ಪೆಡಲ್ ಮೇಲೆ ಪೂರ್ತಿ ಭಾರ ಬಿಟ್ಟ ಅಂತಿಟ್ಟುಕೊಳ್ಳಿ. ಕ್ರ್ಯಾಂಕ್ ಉದ್ದ 175 ಮಿ.ಮೀ. 32 ಹಲ್ಲಿನ ರಿಂಗಿನ ಅರ್ಧವ್ಯಾಸ ಸುಮಾರು 65 ಮಿ.ಮೀ. ಅಂದರೆ ಚೈನಿನ ಮೇಲಿನ ಎಳೆತ ಸುಮಾರು 200 ಕೆ.ಜಿ. ಭಾರಕ್ಕೆ ಸಮ. ಈ ಎಳೆತ ಸೈಕಲ್‌ನ ಬಲಗಡೆ ಮಾತ್ರ ಬೀಳುತ್ತದೆ. ಪಿವಟ್ ಬೇರಿಂಗ್ ಸವೆದಿದ್ದರೆ ಸ್ವಿಂಗ್‌ಆರ್ಮ್ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ, ಹಿಂದಿನ ಹಲ್ಲುಚಕ್ರ, ಅಂದರೆ ಕಾಗ್, ಚೈನಿನ ಗೆರೆಯಿಂದ ಸರಿಯುತ್ತದೆ. ಆಗ ಚೈನು ಹಾರುವುದು ನಿಂತು ತುಳಿಯುವಾಗಲೇ. ಹಾರಿದರೆ ಮಂಡಿ ನೇರವಾಗಿ ಹ್ಯಾಂಡಲ್‌ಗೆ ಬಡಿಯುತ್ತದೆ.

ಪರೀಕ್ಷೆ ಸುಲಭ. ಒಂದು ಕೈಯಲ್ಲಿ ಸೀಟ್ ಟ್ಯೂಬ್ ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಲ್ಲಿ ಹಿಂದಿನ ಚಕ್ರದ ಮೇಲ್ಭಾಗವನ್ನು ಎಡಕ್ಕೂ ಬಲಕ್ಕೂ ಅಲುಗಿಸಬೇಕು. ಪಿವಟ್ ಹತ್ತಿರ ಬೆರಳಿಟ್ಟರೆ ಸಣ್ಣ ಕಟಕಟ ಕೈಗೇ ಗೊತ್ತಾಗುತ್ತದೆ. ಆಮೇಲೆ ಸೀಟನ್ನು ಹಿಡಿದು ಮೆಲ್ಲಗೆ ಮೇಲೆತ್ತಬೇಕು. ಚಕ್ರ ನೆಲ ಬಿಡುವ ಮೊದಲೇ ಒಂದು ಸಣ್ಣ ಟಕ್ ಬಂದರೆ ಹಿಂದಿನ ಸಸ್ಪೆನ್ಶನ್‌ನ ಗಾಳಿ ತುಂಬಿದ ಶಾಕ್‌ನ ಎರಡು ತುದಿಯ ಬುಶ್ ಸವೆದಿದೆ ಅಂತ ಅರ್ಥ. ಈ ಸೈಕಲ್‌ನಲ್ಲಿ ಎರಡೂ ಇತ್ತು. ಪಿವಟ್ ಬೇರಿಂಗ್ ಪೂರ್ತಿ ಸುತ್ತು ತಿರುಗುವುದೇ ಇಲ್ಲ. ಕೆಲವೇ ಡಿಗ್ರಿ ಹಿಂದಕ್ಕೂ ಮುಂದಕ್ಕೂ ಆಡುತ್ತದೆ. ಅದಕ್ಕೇ ಗುಂಡುಗಳು ಒಂದೇ ಜಾಗವನ್ನು ಕೊರೆದು ಗುಳಿ ಮಾಡುತ್ತವೆ. ಹೊಸ ಬೇರಿಂಗ್ ಹಾಕುವಾಗ ಸೀಲ್ ಬಿಚ್ಚಿ, ಒಳಗೆ ಗ್ರೀಸ್ ತುಂಬ ತುಂಬಿದೆವು. ವೇಗವಾಗಿ ಸುತ್ತುವ ಬೇರಿಂಗ್ ಅಲ್ಲವಾದ್ದರಿಂದ ಎಷ್ಟು ತುಂಬಿದರೂ ಭಾರವಾಗುವುದಿಲ್ಲ.

ಅಳತೆ

"ಚೈನು ಸಡಿಲ ಆದ್ರೆ ಎರಡು ಕೊಂಡಿ ತೆಗೆದ್ರಾಯ್ತು ಅಲ್ವಾ?" ಅಂತ ಗೆಳೆಯ ಕೇಳಿದ. ಹಾರ್ಡ್‌ಟೇಲ್ ಆಗಿದ್ದರೆ ಆಗುತ್ತಿತ್ತೇನೋ. ಮುಂದಿನ ಹಿಂದಿನ ಹಲ್ಲುಗಳ ಲೆಕ್ಕ ಕೂಡಿ ಬಂದರೆ ಸಡಿಲ ಚೈನನ್ನು ಎಳೆದು ಹಿಡಿಯುವ ಟೆನ್ಷನರ್ ಇಲ್ಲದೆಯೇ ಚೈನು ಸರಿಯಾಗಿ ಬಿಗಿಯಾಗಿ ಕೂರುತ್ತದೆ. ಅದಕ್ಕೆ ಮ್ಯಾಜಿಕ್ ಗೇರ್ ಅನ್ನುತ್ತಾರೆ. ಇಲ್ಲಿ ಅದು ಯಾಕೆ ಆಗುವುದಿಲ್ಲ ಅಂತ ತೋರಿಸಲು ಶಾಕ್‌ನ ಗಾಳಿ ಬಿಟ್ಟೆ.

ಗಾಳಿ ಪೂರ್ತಿ ಹೋದ ಮೇಲೆ ಸ್ವಿಂಗ್‌ಆರ್ಮ್ ಕೈಯಲ್ಲೇ ಮೇಲೆ ಕೆಳಗೆ ಆಡುತ್ತದೆ. ಚೈನು ತೆಗೆದಿಟ್ಟು, ಬಾಟಮ್ ಬ್ರಾಕೆಟ್‌ನ ನಟ್ಟ ನಡುವಿನಿಂದ ಹಿಂದಿನ ಆಕ್ಸಲ್‌ನ ನಡುವಿನವರೆಗೆ ಟೇಪು ಹಿಡಿದೆವು. ಸಸ್ಪೆನ್ಶನ್ ಪೂರ್ತಿ ಚಾಚಿದಾಗ 425 ಮಿ.ಮೀ. ಸವಾರ ಕೂತಾಗ ಇಳಿಯುವಷ್ಟು, ಅಂದರೆ ಕಾಲು ಭಾಗ ಒತ್ತಿದಾಗ 429. ಅರ್ಧ ಒತ್ತಿದಾಗ 433. ಪೂರ್ತಿ ಕೆಳಗೆ ಮುಟ್ಟಿಸಿದಾಗ 441. ಒಟ್ಟು 16 ಮಿ.ಮೀ. ವ್ಯತ್ಯಾಸ.

ಕಾರಣ ಪಿವಟ್ ಇರುವ ಜಾಗ. ಇದರಲ್ಲಿ ಪಿವಟ್ ಬಾಟಮ್ ಬ್ರಾಕೆಟ್‌ಗಿಂತ 70 ಮಿ.ಮೀ. ಮೇಲೆ, ಸ್ವಲ್ಪ ಮುಂದೆ ಇದೆ. ಚಕ್ರ ಸುತ್ತುವುದು ಪಿವಟ್‌ನ ಸುತ್ತ. ಬಾಟಮ್ ಬ್ರಾಕೆಟ್‌ನ ಸುತ್ತ ಅಲ್ಲ. ಹಾಗಾಗಿ ಮೇಲೇರಿದಷ್ಟೂ ಬಾಟಮ್ ಬ್ರಾಕೆಟ್‌ನಿಂದ ದೂರ ಹೋಗುತ್ತದೆ. ಚೈನು ಮೇಲೊಂದು ಕೆಳಗೊಂದು ಸಾಲಾಗಿ ಹೋಗುವುದರಿಂದ 16 ಇದ್ದದ್ದು 32 ಮಿ.ಮೀ. ಆಗುತ್ತದೆ. ಚೈನಿನ ಒಂದು ಕೊಂಡಿ 12.7 ಮಿ.ಮೀ. ಅಂದರೆ ಎರಡೂವರೆ ಕೊಂಡಿಯಷ್ಟು ಉದ್ದ, ಗುಂಡಿಗೆ ಬಿದ್ದಾಗಲೊಮ್ಮೆ ಎಲ್ಲಿಂದಲಾದರೂ ಬರಬೇಕು. ಚಾಚಿದ ಸ್ಥಿತಿಯಲ್ಲಿ ಚೈನು ಬಿಗಿ ಮಾಡಿದರೆ ಸಸ್ಪೆನ್ಶನ್ ಇಳಿಯಲು ಚೈನೇ ಬಿಡುವುದಿಲ್ಲ. ಜೋರಾಗಿ ಬಿದ್ದರೆ ಚೈನೋ ಹಬ್ಬೋ ಒಂದು ಮುರಿಯುತ್ತದೆ. ಒತ್ತಿದ ಸ್ಥಿತಿಗೆ ಸರಿಯಾಗಿ ಬಿಟ್ಟರೆ ಚಾಚಿದಾಗ ಜೋತು ಬಿದ್ದು ಹಲ್ಲು ಬಿಡುತ್ತದೆ. ಟೇಪಿನ ಅಂಕಿ ನೋಡಿದ ಮೇಲೆ ಗೆಳೆಯ ಕೊಂಡಿ ತೆಗೆಯುವ ಮಾತನ್ನು ಮತ್ತೆ ಎತ್ತಲಿಲ್ಲ.

ಎಲ್ಲ ಫುಲ್ ಸಸ್ಪೆನ್ಶನ್‌ಗಳೂ ಹೀಗೇ ಅಲ್ಲ. 1990ರ ದಶಕದಲ್ಲಿ ಬಂದ ಟ್ರೆಕ್ ವೈ ಸರಣಿ, ಕ್ಲೈನ್ ಮಂತ್ರ ಥರದ ಫ್ರೇಮ್‌ಗಳಲ್ಲಿ ಬಾಟಮ್ ಬ್ರಾಕೆಟ್ ಕೂಡ ಹಿಂದಿನ ತ್ರಿಕೋನದಲ್ಲೇ ಇದೆ. ಚಕ್ರದ ಜೊತೆಗೆ ಕ್ರ್ಯಾಂಕೂ ಚಲಿಸುತ್ತದೆ. ದೂರ ಬದಲಾಗುವುದೇ ಇಲ್ಲ. ಎದ್ದು ನಿಂತಾಗ ಭಾರ ನೇರವಾಗಿ ಸ್ವಿಂಗ್‌ಆರ್ಮ್ ಮೇಲೆ ಬಿದ್ದು ಹಿಂದಿನ ಸಸ್ಪೆನ್ಶನ್ ಗಟ್ಟಿಯಾಗುತ್ತದೆ ಅಂತ ಆ ವಿನ್ಯಾಸವನ್ನು ಜನ ಬೈದದ್ದುಂಟು. ಆದರೆ ಸಿಂಗಲ್ ಸ್ಪೀಡ್ ಮಾಡುವವರಿಗೆ ಅಂಥ ಫ್ರೇಮ್ ಸಿಕ್ಕರೆ ಅದೃಷ್ಟ. ಅದರಲ್ಲಿ ಮ್ಯಾಜಿಕ್ ಗೇರ್ ಕೂಡ ಸಾಧ್ಯ. ಪಿವಟ್ ಸರಿಯಾಗಿ ಬಾಟಮ್ ಬ್ರಾಕೆಟ್‌ನ ಸುತ್ತಲೇ ಇರುವ ಫ್ರೇಮ್‌ಗಳಿಗೂ ಇದೇ ಮಾತು.

ಟೆನ್ಷನರ್ ಆಯ್ಕೆ

32 ಮಿ.ಮೀ. ಅನ್ನುವ ಅಂಕಿ ಕೈಗೆ ಬಂದ ಮೇಲೆ ಆಯ್ಕೆ ಕಷ್ಟವಾಗಲಿಲ್ಲ. ಒಂದೇ ರೋಲರ್ ಇರುವ ಸಣ್ಣ ಟೆನ್ಷನರ್‌ಗಳು ಹಾರ್ಡ್‌ಟೇಲ್‌ಗೆ ಚೆನ್ನಾಗಿವೆ. ಇಷ್ಟು ಓಡಾಟಕ್ಕೆ ಅವುಗಳ ತೋಳು ಸಾಲದು ಅನ್ನಿಸಿತು. ಎರಡು ರೋಲರ್‌ನ ಟೆನ್ಷನರ್‌ಗಳಲ್ಲಿ ಪಾಲ್ ಕಂಪನಿಯ ಮೆಲ್ವಿನ್, ಶಿಮಾನೊ ಕಂಪನಿಯ ಆಲ್ಫಿನ್ ಹೆಸರಾದವು. ಅವು ಸಾಕಷ್ಟು ಚೈನು ನುಂಗುತ್ತವೆ. ಆದರೆ ಎರಡು ರೋಲರ್, ಒಂದು ಸ್ಪ್ರಿಂಗ್, ರೋಲರ್ ಹಿಡಿಯುವ ಒಂದು ಕೇಜು ಇರುವ ವಸ್ತು ಸೈಕಲ್‌ನಲ್ಲೇ ಇತ್ತಲ್ಲ! ಚೈನನ್ನು ಒಂದು ಕಾಗ್‌ನಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್. ಹಲ್ಲಿನ ಲೆಕ್ಕದಲ್ಲಿ ಒಂದು ಹಲ್ಲು ಜಾಸ್ತಿಯಾದರೆ ಚೈನು ಅರ್ಧ ಕೊಂಡಿ, ಅಂದರೆ 6.35 ಮಿ.ಮೀ. ಜಾಸ್ತಿ ಬೇಕು. ಹಾಗೆ ನೋಡಿದರೆ ನಮ್ಮ 32 ಮಿ.ಮೀ. ಕೇವಲ 5 ಹಲ್ಲಿನ ವ್ಯತ್ಯಾಸಕ್ಕೆ ಸಮ. ಡಿರೇಲರ್ ಇದರ ಎಷ್ಟೋ ಪಟ್ಟು ಸಡಿಲ ನುಂಗುವ ಹಾಗೆ ತಯಾರಾಗಿರುತ್ತದೆ.

ಮೂಲ ಡಿರೇಲರ್‌ನ ಕೇಜು ಉದ್ದವಾಗಿತ್ತು. ಉದ್ದ ಕೇಜು ಕಲ್ಲಿಗೆ ತಾಗುತ್ತದೆ, ಚೈನೂ ಹೆಚ್ಚು ಬಡಿಯುತ್ತದೆ. ಹಾಗಾಗಿ ಒಂದು ಹಳೆಯ ರೋಡ್ ಬೈಕಿನ ಗಿಡ್ಡ ಕೇಜಿನ ಡಿರೇಲರ್ ಹಾಕಿದೆವು. ಟೆನ್ಷನರ್ ಕೊಳ್ಳುವುದು ಅಚ್ಚುಕಟ್ಟು, ಡಿರೇಲರ್ ಬಳಸುವುದು ಜುಗಾಡು ಅಂತ ಹಲವರು ತಿಳಿದಿದ್ದಾರೆ. ಫುಲ್ ಸಸ್ಪೆನ್ಶನ್ ವಿಷಯದಲ್ಲಿ ನಾನು ಇದನ್ನು ಒಪ್ಪುವುದಿಲ್ಲ. ಚೈನಿನ ಉದ್ದ ಬದಲಾಗುತ್ತಿರುವಾಗ ಅದನ್ನು ಬಿಗಿಯಾಗಿ ಇಡುವುದೇ ಡಿರೇಲರ್ ದಿನವೂ ಮಾಡುವ ಕೆಲಸ.

ಅದನ್ನು ಒಂದೇ ಜಾಗದಲ್ಲಿ ನಿಲ್ಲಿಸುವುದು ಹೇಗೆ? ಕೇಬಲ್ ಇಲ್ಲದಿದ್ದರೆ ಡಿರೇಲರ್ ಹೊರಗಿನ ಸಣ್ಣ ಕಾಗ್ ಕಡೆಗೆ ಓಡುತ್ತದೆ. ಹೊರಗಿನ ಮಿತಿಯ ಸ್ಕ್ರೂ ಅದನ್ನು ಕೆಲವೇ ಮಿ.ಮೀ. ಒಳಗೆ ತಳ್ಳಬಲ್ಲದು. ನಮಗೆ ಅದು ಸಾಕಾಗಲಿಲ್ಲ. ಹಳೆಯ ಗೇರ್ ಕೇಬಲ್‌ನ ಗುಂಡು ತಲೆ ಇರುವ ತುದಿಯನ್ನು ಗೇಣುದ್ದ ಕತ್ತರಿಸಿದೆವು. ತಲೆಯನ್ನು ಡಿರೇಲರ್ ಹಿಂದಿರುವ ಬ್ಯಾರೆಲ್ ಅಡ್ಜಸ್ಟರ್‌ನಲ್ಲಿ ಕೂರಿಸಿ, ಇನ್ನೊಂದು ತುದಿಯನ್ನು ಕೇಬಲ್ ಬೋಲ್ಟ್‌ಗೆ ಎಳೆದು ಕಟ್ಟಿದೆವು. ಮೇಲಿನ ರೋಲರ್ ಕಾಗ್‌ನ ನೇರಕ್ಕೆ ಬರುವವರೆಗೆ ಬ್ಯಾರೆಲ್ ತಿರುಗಿಸಿದ್ದಾಯಿತು. ಆಮೇಲೆ ಒಳಗಿನ ಮಿತಿಯ ಸ್ಕ್ರೂವನ್ನು ಮುಟ್ಟುವಷ್ಟು ಬಿಗಿ ಮಾಡಿದೆವು. ಈಗ ಅದು ಒಳಕ್ಕೂ ಹೋಗುವುದಿಲ್ಲ, ಹೊರಕ್ಕೂ ಬರುವುದಿಲ್ಲ. ಶಿಮಾನೊ ಡಿರೇಲರ್‌ಗಳಲ್ಲಿ ಮೇಲಿನ ರೋಲರ್‌ಗೆ ಪಕ್ಕಕ್ಕೆ ಸ್ವಲ್ಪ ಆಟ ಇರುತ್ತದೆ. ಸವೆದಿದೆ ಅಂದುಕೊಂಡು ಅದನ್ನು ಬದಲಿಸಬೇಡಿ. ಬೇಕೆಂದೇ ಇಟ್ಟಿರುವ ಆಟ ಅದು. ನೇರದಲ್ಲಿ ಸಣ್ಣ ತಪ್ಪಿದ್ದರೆ ತಾನೇ ಹೊಂದಿಸಿಕೊಳ್ಳುತ್ತದೆ.

ಹಲ್ಲು, ಗೆರೆ, ಕೊಂಡಿ

ಮುಂದೆ 32 ಉಳಿಸಿಕೊಳ್ಳಬೇಕು ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. 32 ಹಲ್ಲಿನ ರಿಂಗಿನ ಮೇಲಂಚು ಬಾಟಮ್ ಬ್ರಾಕೆಟ್‌ನಿಂದ ಸುಮಾರು 65 ಮಿ.ಮೀ. ಎತ್ತರದಲ್ಲಿದೆ. ಪಿವಟ್ 70ರಲ್ಲಿದೆ. ಚೈನಿನ ಎಳೆತ ಪಿವಟ್‌ನ ಪಕ್ಕದಲ್ಲೇ ಹಾದು ಹೋಗುವುದರಿಂದ ಅದು ಸ್ವಿಂಗ್‌ಆರ್ಮನ್ನು ಮೇಲಕ್ಕೂ ಕೆಳಕ್ಕೂ ಅಷ್ಟಾಗಿ ಎಳೆಯುವುದಿಲ್ಲ. 22ರ ರಿಂಗ್ ಹಾಕಿದರೆ ಎಳೆತ ಪಿವಟ್‌ಗಿಂತ ಬಹಳ ಕೆಳಗೆ ಹೋಗುತ್ತದೆ. ಪ್ರತಿ ತುಳಿತಕ್ಕೂ ಸಸ್ಪೆನ್ಶನ್ ಚಾಚಿಕೊಂಡು ಗಟ್ಟಿಯಾಗುತ್ತದೆ. 44 ಹಾಕಿದರೆ ಇದರ ಉಲ್ಟಾ, ತುಳಿದಾಗಲೆಲ್ಲ ಕುಸಿಯುತ್ತದೆ. ಮೂರು ರಿಂಗ್ ಇದ್ದ ಕಾಲದ ಹಲವು ಫ್ರೇಮ್‌ಗಳ ಪಿವಟ್ ಹೀಗೆ ನಡುವಿನ ರಿಂಗಿನ ಎತ್ತರದ ಆಸುಪಾಸಿನಲ್ಲಿರುತ್ತದೆ.

ಸವೆದ ರಿಂಗಿನ ಜಾಗಕ್ಕೆ ಹಲ್ಲು ಒಂದು ದಪ್ಪ ಒಂದು ತೆಳು ಇರುವ ನ್ಯಾರೋ-ವೈಡ್ ರಿಂಗ್ ಬಂತು. ಸ್ರ್ಯಾಮ್ ಕಂಪನಿ 2012ರಲ್ಲಿ ಎಕ್ಸ್‌ಎಕ್ಸ್1 ಗೇರ್ ಸೆಟ್ ಜೊತೆ ತಂದ ಮೇಲೆ ಈ ಬಗೆಯ ರಿಂಗ್ ಎಲ್ಲೆಡೆ ಬಂತು. ಚೈನಿನ ಒಳ ಕೊಂಡಿ ಕಿರಿದು, ಹೊರ ಕೊಂಡಿ ಅಗಲ. ಹಲ್ಲುಗಳು ಅದಕ್ಕೆ ಸರಿಹೊಂದಿ ಚೈನನ್ನು ಹಿಡಿದಿಡುತ್ತವೆ. ಹಳೆಯ ಕ್ರ್ಯಾಂಕಿನ ನಾಲ್ಕು ಬೋಲ್ಟ್, 104 ಮಿ.ಮೀ. ಬೋಲ್ಟ್ ವೃತ್ತದ ಅಳತೆಗೆ ಅದು ಸಿಗುತ್ತದೆ. 44ರ ಜಾಗದಲ್ಲಿ ಪೆಟ್ಟಿನಿಂದ ರಿಂಗನ್ನು ಕಾಯುವ ಒಂದು ಬ್ಯಾಶ್ ಗಾರ್ಡ್ ಕೂರಿಸಿದ್ದರಿಂದ ಹಳೆಯ ಬೋಲ್ಟ್‌ಗಳೇ ಸರಿಹೋದವು. ಅದನ್ನು ಹಾಕದಿದ್ದರೆ ಗಿಡ್ಡ ಬೋಲ್ಟ್ ಬೇಕಾಗುತ್ತಿತ್ತು.

ಹಿಂದಿನ ಕಾಗ್‌ಗೆ 18 ಹಲ್ಲು. 26 ಇಂಚಿನ ಹಾರ್ಡ್‌ಟೇಲ್‌ಗೆ 32ಕ್ಕೆ 16 ಅನ್ನುವುದು ಹಳೆಯ ರೂಢಿ. ಅದರಲ್ಲಿ ಕ್ರ್ಯಾಂಕ್ ಒಂದು ಸುತ್ತಿಗೆ ಸೈಕಲ್ ಸುಮಾರು 4.15 ಮೀಟರ್ ಹೋಗುತ್ತದೆ. 18ರಲ್ಲಿ ಸುಮಾರು 3.7 ಮೀಟರ್. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 18 ಕಿ.ಮೀ. ಹತ್ತಿರ. ಫುಲ್ ಸಸ್ಪೆನ್ಶನ್ ಸೈಕಲ್ ಭಾರ ಜಾಸ್ತಿ, ನಿಂತು ತುಳಿದಾಗ ಒಂದಿಷ್ಟು ಶ್ರಮ ಶಾಕ್‌ಗೂ ಹೋಗುತ್ತದೆ. ಹಗುರ ಗೇರ್ ಇದ್ದರೆ ಕೂತೇ ತುಳಿಯುವ ದಾರಿ ಹೆಚ್ಚುತ್ತದೆ. ಕೂತು ತುಳಿದರೆ ತಾನೇ ಹಿಂದಿನ ಸಸ್ಪೆನ್ಶನ್‌ನಿಂದ ಪ್ರಯೋಜನ?

ಕಾಗ್ ಮಾತ್ರ ಸಿಂಗಲ್ ಸ್ಪೀಡ್‌ಗೆಂದೇ ಮಾಡಿದ್ದು ಇರಬೇಕು. ಕ್ಯಾಸೆಟ್‌ನಿಂದ ಬಿಚ್ಚಿದ ಕಾಗ್‌ನ ಹಲ್ಲುಗಳು ಗಿಡ್ಡ. ಚೈನು ಸುಲಭವಾಗಿ ಬಿಟ್ಟು ಪಕ್ಕಕ್ಕೆ ಹೋಗಲಿ ಅಂತಲೇ ಹಾಗೆ ಕೊರೆದಿರುತ್ತಾರೆ. ಇಲ್ಲಿ ನಮಗೆ ಬೇಕಾದದ್ದು ಸರಿಯಾಗಿ ಅದರ ವಿರುದ್ಧ. ಹಬ್ಬಿನಲ್ಲಿ ಕಾಗ್ ಕೂರುವ ಭಾಗ, ಅಂದರೆ ಫ್ರೀಹಬ್, ಅಲ್ಯುಮಿನಿಯಂ ಆಗಿದ್ದರೆ ಬುಡ ಅಗಲವಾಗಿರುವ ಕಾಗ್ ತೆಗೆದುಕೊಳ್ಳಿ. ತೆಳು ಉಕ್ಕಿನ ಕಾಗ್ ಅದರ ಏಣುಗಳಲ್ಲಿ ಕಚ್ಚು ಮಾಡುತ್ತದೆ. ಇದರದ್ದು ಉಕ್ಕಿನ ಫ್ರೀಹಬ್, ಆ ಚಿಂತೆ ಇರಲಿಲ್ಲ.

ಇನ್ನು ಚೈನಿನ ಗೆರೆ. ಫ್ರೇಮಿನ ನಟ್ಟ ನಡುವಿನಿಂದ ಮುಂದಿನ ರಿಂಗಿನ ಹಲ್ಲಿಗೆ 50 ಮಿ.ಮೀ. ಹಿಂದಿನ ಹಬ್ ಅಗಲ 135. ಅದರ ಅರ್ಧ 67.5. ಅದರಲ್ಲಿ 50 ಕಳೆದರೆ 17.5. ಅಂದರೆ ಆಕ್ಸಲ್ ಕೂರುವ ಬಲಗಡೆ ಡ್ರಾಪ್‌ಔಟ್‌ನ ಒಳಮೈಯಿಂದ ಕಾಗ್‌ನ ಹಲ್ಲಿನ ನಡುವಿಗೆ 17.5 ಮಿ.ಮೀ. ಬರಬೇಕು. ಹಳೆಯ ಕ್ಯಾಸೆಟ್‌ನ ರಿವೆಟ್ ಕೊರೆದು ತೆಗೆದ ಸ್ಪೇಸರ್‌ಗಳನ್ನೇ ಕಾಗ್‌ನ ಹಿಂದೆ ಮುಂದೆ ಜೋಡಿಸಿ, ಕ್ಯಾಲಿಪರ್ ಹಿಡಿದು, ಒಂದು ತೆಳು ಸ್ಪೇಸರನ್ನು ಆ ಕಡೆಯಿಂದ ಈ ಕಡೆಗೆ ಬದಲಿಸಿದ ಮೇಲೆ ಅಳತೆ ಕೂತಿತು. ಸ್ಪೇಸರ್ ಸಾಲು ಫ್ರೀಹಬ್‌ನ ಅಂಚಿಗಿಂತ ಸುಮಾರು 1 ಮಿ.ಮೀ. ಹೊರಗೆ ನಿಲ್ಲಬೇಕು. ಇಲ್ಲದಿದ್ದರೆ ಇವನ್ನೆಲ್ಲ ಬಿಗಿಯುವ ಲಾಕ್‌ರಿಂಗ್ ಫ್ರೀಹಬ್ಬನ್ನು ಒತ್ತುತ್ತದೆ, ಕಾಗ್ ಸಡಿಲವೇ ಉಳಿಯುತ್ತದೆ. ಲಾಕ್‌ರಿಂಗ್‌ಗೆ 40 ನ್ಯೂಟನ್ ಮೀಟರ್ ಬಿಗಿ.

ಚೈನು ಕತ್ತರಿಸುವಾಗ ಮತ್ತೆ ಶಾಕ್‌ನ ಗಾಳಿ ಬಿಟ್ಟು, ಸ್ವಿಂಗ್‌ಆರ್ಮನ್ನು ಪೂರ್ತಿ ಒತ್ತಿ ಹಿಡಿದೆವು. 441 ಮಿ.ಮೀ. ದೂರ, 32 ಮತ್ತು 18 ಹಲ್ಲು. ಡಿರೇಲರ್ ದಾಟಿಸದೆ ನೇರವಾಗಿ ಸುತ್ತಿದರೆ 94.6 ಕೊಂಡಿ ಬೇಕು. ಒಳ ಕೊಂಡಿ ಹೊರ ಕೊಂಡಿ ಒಂದಾದ ಮೇಲೊಂದು ಬರುವುದರಿಂದ ಸಮಸಂಖ್ಯೆಗೆ ಮಾತ್ರ ಕೂಡಿಸಲು ಬರುತ್ತದೆ. ಹಾಗಾಗಿ 96. ಡಿರೇಲರ್ ಹಾದು ಹೋಗಲು ಇನ್ನೆರಡು ಸೇರಿಸಿ 98. ಈ ಲೆಕ್ಕದಲ್ಲಿ ಸಸ್ಪೆನ್ಶನ್ ಪೂರ್ತಿ ಒತ್ತಿದಾಗ ಡಿರೇಲರ್ ಕೈಯಲ್ಲಿ 43 ಮಿ.ಮೀ. ಸಡಿಲ ಉಳಿಯುತ್ತದೆ, ಪೂರ್ತಿ ಚಾಚಿದಾಗ 75. ಎರಡಕ್ಕೂ ಗಿಡ್ಡ ಕೇಜು ಸಾಕು. ಒತ್ತಿ ಹಿಡಿದ ಸ್ಥಿತಿಯಲ್ಲೇ ಕ್ರ್ಯಾಂಕನ್ನು ಹಿಂದಕ್ಕೆ ತಿರುಗಿಸಿ, ಕೇಜು ಎಲ್ಲೂ ಸೆಟೆದುಕೊಂಡಿಲ್ಲ ಅಂತ ಕಣ್ಣಲ್ಲೇ ನೋಡಿದ ಮೇಲೆ ಗಾಳಿ ತುಂಬಿದೆವು.

ಓಡಿಸಿದ ಮೇಲೆ

ಶಾಕ್‌ನ ಗಾಳಿಯನ್ನು ಹಳೆಯ ಮಟ್ಟಕ್ಕೇ ತುಂಬಿದರೆ ನಿಂತು ತುಳಿಯುವಾಗ ಸೈಕಲ್ ಕುಣಿಯುತ್ತಿತ್ತು. ಶಾಕ್‌ನ ಒಟ್ಟು ಓಟ 38 ಮಿ.ಮೀ. ಸವಾರ ಕೂತಾಗ ಮೊದಲು 9.5 ಮಿ.ಮೀ. ಇಳಿಯುತ್ತಿತ್ತು, ಅಂದರೆ ಕಾಲು ಭಾಗ. ಗಾಳಿ ಹೆಚ್ಚಿಸಿ ಅದನ್ನು 7.5ರ ಹತ್ತಿರಕ್ಕೆ, ಐದನೇ ಒಂದು ಭಾಗಕ್ಕೆ ತಂದೆವು. ಶಾಕ್ ಕಂಬಿಯ ಮೇಲಿನ ರಬ್ಬರ್ ಉಂಗುರ ಎಲ್ಲಿ ನಿಂತಿದೆ ಅಂತ ನೋಡಿದರೆ ಇದು ಗೊತ್ತಾಗುತ್ತದೆ. ಕುಣಿತ ಅರ್ಧದಷ್ಟಾದರೂ ಇಳಿಯಿತು. ಉಳಿದದ್ದು ತುಳಿಯುವವನ ಅಭ್ಯಾಸಕ್ಕೆ ಬಿಟ್ಟದ್ದು. ಪೆಡಲನ್ನು ಗುದ್ದದೆ, ಸುತ್ತು ಪೂರ್ತಿ ತಿರುಗಿಸಿದರೆ ಶಾಕ್ ಬಹಳ ಮಟ್ಟಿಗೆ ಸುಮ್ನಿರುತ್ತದೆ.

ಇನ್ನೊಂದು ಸಂಗತಿ ಹೋಗಿಲ್ಲ, ಹೋಗುವುದೂ ಇಲ್ಲ. ಕಲ್ಲುಗಳ ಮೇಲೆ ನಿಂತು ತುಳಿಯುವಾಗ ಚಕ್ರ ಮೇಲೆದ್ದರೆ ಚೈನಿನ ಮೇಲಿನ ಸಾಲು ಕ್ರ್ಯಾಂಕನ್ನು ಹಿಂದಕ್ಕೆ ಎಳೆಯುತ್ತದೆ. ಪಾದಕ್ಕೆ ಸಣ್ಣ ಒದೆತದ ಹಾಗೆ ತಿಳಿಯುತ್ತದೆ. ಟೆನ್ಷನರ್ ನೋಡಿಕೊಳ್ಳುವುದು ಕೆಳಗಿನ ಸಾಲನ್ನು ಮಾತ್ರ. ಮೇಲಿನ ಸಾಲಿಗೆ ಅದು ಏನೂ ಮಾಡಲಾರದು. ಗೇರ್ ಇದ್ದಾಗಲೂ ಇದು ಇತ್ತು. ಈಗ ನಿಂತು ತುಳಿಯುವುದು ಜಾಸ್ತಿಯಾದ್ದರಿಂದ ಹೆಚ್ಚು ಗೊತ್ತಾಗುತ್ತದೆ.

ಇಳಿಜಾರಿನಲ್ಲಿ ಚೈನು ಸ್ವಿಂಗ್‌ಆರ್ಮ್‌ಗೆ ಬಡಿಯುವ ಸದ್ದು ಕಡಿಮೆಯಾಗಿದೆ. ಗಿಡ್ಡ ಕೇಜು, ಗಿಡ್ಡ ಚೈನು ಇದಕ್ಕೆ ಕಾರಣ. ಉಳಿದ ಸದ್ದಿಗೆ ಹಳೆಯ ಟೈರ್ ಟ್ಯೂಬ್ ಸೀಳಿ ಸ್ವಿಂಗ್‌ಆರ್ಮ್‌ಗೆ ಸುತ್ತಿದ್ದೇವೆ. ಕ್ಯಾಸೆಟ್, ಎರಡು ರಿಂಗ್, ಮುಂದಿನ ಡಿರೇಲರ್, ಶಿಫ್ಟರ್‌ಗಳು, ಕೇಬಲ್‌ಗಳು ಹೋದದ್ದರಿಂದ ತೂಕ ಮುಕ್ಕಾಲು ಕೆ.ಜಿ. ಆಸುಪಾಸು ಇಳಿಯಿತು. ತೂಕಕ್ಕಿಂತ ಹ್ಯಾಂಡಲ್ ಖಾಲಿಯಾದದ್ದು ಗೆಳೆಯನಿಗೆ ಹೆಚ್ಚು ಹಿಡಿಸಿತು. ಎರಡು ಬ್ರೇಕ್ ಲಿವರ್ ಬಿಟ್ಟರೆ ಅಲ್ಲಿ ಈಗ ಏನೂ ಇಲ್ಲ.

ಮಳೆ ಶುರುವಾಗಿ ದಾರಿ ಕೆಸರಾದಾಗ ಅವನಿಗೆ 18 ಭಾರ ಅನ್ನಿಸತೊಡಗಿತು. 20 ಹಲ್ಲಿನ ಕಾಗ್ ತಂದ. ಎರಡು ಹಲ್ಲು ಹೆಚ್ಚಾದರೆ ಚೈನು ಒಂದು ಕೊಂಡಿಯಷ್ಟು, 12.7 ಮಿ.ಮೀ. ಜಾಸ್ತಿ ಬೇಕು. ಪೂರ್ತಿ ಒತ್ತಿದಾಗ ಕೈಯಲ್ಲಿದ್ದ 43ರಲ್ಲಿ ಅದನ್ನು ಕಳೆದರೂ 30 ಉಳಿಯುತ್ತದೆ. ಗಾಳಿ ಬಿಟ್ಟು, ಒತ್ತಿ ನೋಡಿದ ಮೇಲೆ ಅದೇ ಚೈನಿನಲ್ಲಿ ಹಾಕಿದೆವು. ಮೇಲಿನ ರೋಲರ್ ಕಾಗ್‌ಗೆ ತಾಗದ ಹಾಗೆ ಬಿ-ಸ್ಕ್ರೂ ಒಂದಿಷ್ಟು ಒಳಗೆ ತಿರುಗಿಸಬೇಕಾಯಿತು, ಅಷ್ಟೇ. ಈಗ ಮಳೆಗಾಲಕ್ಕೆ 20, ನೆಲ ಒಣಗಿದ ಮೇಲೆ 18 ಅಂತ ಅವನೇ ಬದಲಿಸಿಕೊಳ್ಳುತ್ತಾನೆ.